ಆರನೇ ಕಾಲಂ

ಆದಿಲಕ್ಷ್ಮಮ್ಮ ಮದುವೆಯಾಗಿ ಮಂಚೇನಹಳ್ಳಿಗೆ ಬಂದ ಮೊದಲ ಬೇಸಿಗೆಯಲ್ಲೇ ಅತ್ತೆ ಸಂಡಿಗೆ ಹಿಟ್ಟಿನ ಪಾತ್ರೆ ಕೈಗೆ ಕೊಟ್ಟು ಮಾಳಿಗೆ ಹತ್ತಿಸಿದ್ದರು. ಅಂದಿನಿಂದ ಇಪ್ಪತ್ತೇಳು ವರ್ಷ, ಆ ಮನೆಯಲ್ಲಿ ಒಣಗಬೇಕಾದದ್ದೆಲ್ಲ ಅವಳ ಕೈಯಲ್ಲೇ ಒಣಗಿದೆ. ಸಂಡಿಗೆ, ಹಪ್ಪಳ, ಮಜ್ಜಿಗೆಯಲ್ಲಿ ನೆನೆಸಿದ ಬಾಳಕದ ಮೆಣಸಿನಕಾಯಿ, ಹುಣಸೆಹಣ್ಣು, ಬೆಲೆ ಬಿದ್ದ ವರ್ಷ ಮಂಡಿಗೆ ಹೋಗದೆ ಉಳಿದ ಟೊಮೆಟೊ. ಸಂಡಿಗೆಗೆ ಬೂಸ್ಟು ಹಿಡಿದರೆ ಸೊಸೆಯ ತಪ್ಪು, ಗರಿಗರಿಯಾಗಿ ಬಂದರೆ ಬಿಸಿಲು ಚೆನ್ನಾಗಿತ್ತು ಎನ್ನುವುದು ಆ ಮನೆಯ ಪದ್ಧತಿ.

ಬೈಸಿಕೊಳ್ಳಬಾರದೆಂದೇ ಅವಳು ಗಾಳಿಯನ್ನು ಕಲಿತಳು. ಬೆಳಿಗ್ಗೆ ಹಳೇ ಪಂಚೆಯ ತುಂಡೊಂದನ್ನು ನೀರಲ್ಲಿ ಅದ್ದಿ, ಹಿಂಡಿ, ಮಾಳಿಗೆಯ ಮೊಳೆಗೆ ನೇತುಹಾಕುವಳು. ಕೆಳಗಿಳಿದು ಎಸರಿಟ್ಟು, ಅಕ್ಕಿ ತೊಳೆದು ಹಾಕಿ, ಅನ್ನ ಬಸಿದು ಮತ್ತೆ ಹತ್ತುವಷ್ಟರಲ್ಲಿ ಬಟ್ಟೆ ಒಣಗಿದ್ದರೆ ಆ ದಿನ ಏನು ಹರವಿದರೂ ಚಿಂತೆಯಿಲ್ಲ. ಸಾರು ಕುದಿಯುವವರೆಗೂ ತೇವವಿದ್ದರೆ ಹೋಳು ತೆಳ್ಳಗೆ ಕೊಯ್ಯಬೇಕು. ಮುಸುರೆ ತಿಕ್ಕಿ ಬಂದರೂ ಒದ್ದೆಯಾಗೇ ಇದ್ದರೆ ಅಂದು ಏನನ್ನೂ ಹರವುವಂತೆಯೇ ಇಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಕೇಳಿದವಳು ಭಾನುಪ್ರಿಯಾ. ಆದಿಲಕ್ಷ್ಮಮ್ಮನ ಅಕ್ಕನ ಮಗಳು, ಚಿಂತಾಮಣಿ ಕಡೆಯವಳು, ಚಿಕ್ಕಮ್ಮನನ್ನು ಪಿನ್ನಮ್ಮ ಎಂದೇ ಕರೆಯುವವಳು. ಪಿಯುಸಿಯ ಎರಡು ವರ್ಷ ಈ ಮನೆಯಲ್ಲೇ ಇದ್ದು ಗೌರಿಬಿದನೂರಿನ ಕಾಲೇಜಿಗೆ ಓಡಾಡಿದವಳು. ಆ ಎರಡು ವರ್ಷವೂ ಏಳು ಗಂಟೆಯ ಬಸ್ಸಿಗೆ ಡಬ್ಬಿ ತಪ್ಪಿರಲಿಲ್ಲ. ಮಕ್ಕಳಿಲ್ಲದ ಆದಿಲಕ್ಷ್ಮಮ್ಮನಿಗೆ ಅವಳು ಮಗಳೋ, ಅಕ್ಕನ ಮಗಳೋ ಎಂದು ಬೇರೆ ಮಾಡಿ ನೋಡುವ ಅಭ್ಯಾಸವೇ ಉಳಿದಿರಲಿಲ್ಲ. ಈಗ ಅವಳು ಚಿಕ್ಕಬಳ್ಳಾಪುರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಟೆಕ್ ಓದುತ್ತಿದ್ದಳು. ಆ ವರ್ಷ ಸಂಕ್ರಾಂತಿಗೆ ಬಂದಾಗ ಮಾಳಿಗೆಯ ಮೇಲೆ ನಿಂತು ಆ ಬಟ್ಟೆಯನ್ನು ನೋಡಿದಳು.

"ಇದೇನ್ ಪಿನ್ನಮ್ಮ, ಒಂದೇ ಒಂದು ತುಂಡು ಒಣಗಾಕಿದೀಯ?"

"ಒಣಗಾಕಿಲ್ಲ ಕಣೇ. ಗಾಳೀನ ಕೇಳ್ತಾ ಇವ್ನಿ."

ಅನ್ನ ಬಸಿಯುವ ಲೆಕ್ಕವನ್ನು ಕೇಳಿಸಿಕೊಂಡ ಭಾನು ಅಲ್ಲೇ ನೀರಿನ ತೊಟ್ಟಿಯ ಮೇಲೆ ಕೂತುಬಿಟ್ಟಳು. "ಅಯ್ಯೋ ದೇವುಡಾ, ನಮ್ ಸರ್ ಒಂದು ಸೆಮಿಸ್ಟರ್ ಪೂರ್ತಿ ಪಾಠ ಮಾಡಿದ್ದು ಇದನ್ನೇ!"

ಮುಂದಿನ ವಾರ ಅವಳು ಎರಡು ಥರ್ಮಾಮೀಟರ್ ತಂದಳು. ಒಂದು ಹಾಗೇ ಬರಿಯ ಗಾಜು. ಇನ್ನೊಂದರ ಬುಡಕ್ಕೆ ಬಟ್ಟೆ ಸುತ್ತಿ, ಅದರ ತುದಿ ನೀರಿನ ಲೋಟದಲ್ಲಿ ಮುಳುಗಿರಬೇಕು. ಒದ್ದೆಯದು ಆರಿದಷ್ಟೂ ತಣ್ಣಗಾಗುತ್ತದೆ. ಎರಡರ ಅಂಕಿಗಳ ನಡುವೆ ಅಂತರ ಜಾಸ್ತಿ ಇದ್ದರೆ ಗಾಳಿ ಒಣದು, ಇನ್ನೂ ನೀರು ಕುಡಿಯುತ್ತದೆ. ಅಂತರ ಕಡಿಮೆಯಾದರೆ ಗಾಳಿಯ ಹೊಟ್ಟೆ ತುಂಬಿದೆ ಎಂದರ್ಥ.

"ಒಂದೇ ಎಚ್ಚರ ಪಿನ್ನಮ್ಮ. ಬಟ್ಟೆ ಒಣಗಕ್ಕೆ ಬಿಡಬಾರ್ದು. ಒಣಗಿದ್ರೆ ಎರಡೂ ಒಂದೇ ತೋರಿಸ್ತವೆ. ಆಗ ನಡುಮಧ್ಯಾಹ್ನದ ಬಿಸಿಲಲ್ಲೂ ಮಳೆ ಬರ್ತಾ ಐತೆ ಅನ್ನೋ ಲೆಕ್ಕ ಬರುತ್ತೆ."

ಭಾನು ತಂದ ಬಟ್ಟೆ ಎರಡೇ ದಿನಕ್ಕೆ ಕೊಳೆ ಹಿಡಿದು ನೀರೆಳೆಯುವುದನ್ನು ಬಿಟ್ಟಿತು. ಆದಿಲಕ್ಷ್ಮಮ್ಮ ದೇವರ ಮನೆಯ ಹತ್ತಿ ಹೊಸೆದು ಉದ್ದನೆಯ ಬತ್ತಿ ಮಾಡಿ ಸುತ್ತಿದಳು. ಅದು ಕೊನೆಯವರೆಗೂ ಕೆಲಸ ಮಾಡಿತು.

ಭಾನುವಿನ ಎಂ.ಟೆಕ್ ಪ್ರಾಜೆಕ್ಟಿಗೆಂದು ಮಾಳಿಗೆಯ ಮೇಲೆ ಬಿಸಿಲಿನ ಡ್ರೈಯರ್ ಬಂತು. ಮರದ ಪೆಟ್ಟಿಗೆ, ಮೇಲೆ ಬೆಳಕು ಬಿಡುವ ಪ್ಲಾಸ್ಟಿಕ್ ಶೀಟಿನ ಇಳಿಜಾರು ಸೂರು, ಕೆಳಗೊಂದು ಗಾಳಿಯ ಕಿಂಡಿ, ಮೇಲೊಂದು ಕಿಂಡಿ, ಕಪ್ಪು ಬಳಿದ ಕೊಳವೆ, ಒಳಗೆ ಜಾಲರಿಯ ಮೂರು ತಟ್ಟೆ. ಭಾನು ಲ್ಯಾಪ್‌ಟಾಪ್ ತೆರೆದು ಅದನ್ನೇ ಪರದೆಯ ಮೇಲೆ ಬಿಡಿಸಿ ತೋರಿಸಿದಳು. ಮನೆ, ಆಫೀಸು, ಆಸ್ಪತ್ರೆ ಕಟ್ಟುವವರು ಒಳಗೆಷ್ಟು ಸೆಕೆಯಾಗುತ್ತದೆ, ಎಷ್ಟು ಕರೆಂಟು ಬೇಕು ಎಂದು ಮೊದಲೇ ನೋಡಿಕೊಳ್ಳುವ ಸಾಫ್ಟ್‌ವೇರ್ ಅಂತೆ ಅದು.

"ಡ್ರೈಯರ್ ಅಂದ್ರೂ ಒಂದು ಪುಟ್ಟ ಮನೇನೇ ಅಲ್ವಾ ಪಿನ್ನಮ್ಮ? ಗೋಡೆ, ಸೂರು, ಕಿಟಕಿ. ಹಂಗಂತ ಕೊಟ್ಟಿದೀನಿ."

"ಮತ್ತೆ ಟೊಮೆಟೊ?"

"ಈ ಸಾಫ್ಟ್‌ವೇರ್‌ಗೆ ಟೊಮೆಟೊ ಗೊತ್ತಿಲ್ಲ. ಮನುಷ್ಯರು ಗೊತ್ತು. ಮನೇಲಿ ಎಷ್ಟ್ ಜನ ಅವ್ರೆ, ಒಬ್ಬೊಬ್ರು ಎಷ್ಟು ಬೆವರ್ತಾರೆ ಅಂತ ಕೇಳುತ್ತೆ. ಅದಕ್ಕೇ ಟೊಮೆಟೊ ಹೋಳುಗಳನ್ನೇ ಜನ ಅಂತ ಹಾಕಿದೀನಿ. ಬೆಳಿಗ್ಗೆ ಜಾಸ್ತಿ ಬೆವರ್ತಾರೆ, ಸಂಜೆಗೆ ಕಡಿಮೆ."

ಆದಿಲಕ್ಷ್ಮಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪಕ್ಕದ ಮನೆಯ ಕದಿರಮ್ಮನನ್ನು ಕೂಗಿ ಕರೆದು ಹೇಳಿದಳು. ಕದಿರಮ್ಮ ಪರದೆಯನ್ನು ದಿಟ್ಟಿಸಿ ನೋಡಿ, "ಒಳ್ಳೇದಾಯ್ತು ಬಿಡು, ನಿಮ್ಮನೇಗೆ ನೆಂಟ್ರು ಜಾಸ್ತಿ ಆದ್ರು. ಇವ್ರಿಗಾದ್ರೂ ಕಾಫಿ ಮಾಡೋದು ತಪ್ತು" ಎಂದಳು.

ತೊಡಕಿದ್ದದ್ದು ಹವಾಮಾನದ್ದು. ಸಾಫ್ಟ್‌ವೇರಿಗೆ ಸಿಕ್ಕಿದ್ದು ಬೆಂಗಳೂರಿನ ವಿಮಾನ ನಿಲ್ದಾಣದ ಹವೆ. ಮಂಚೇನಹಳ್ಳಿಯದು ಬೇಕೆಂದರೆ ಯಾರಾದರೂ ಅಳೆಯಬೇಕು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ, ಗಂಟೆಗೊಮ್ಮೆ, ಮಾಘದಿಂದ ವೈಶಾಖದವರೆಗೆ. ಭಾನು ಇನ್ನೂರು ಹಾಳೆಯ ಪುಸ್ತಕ ತಂದು ಐದು ಕಾಲಂ ಗೀಚಿದಳು. ಗಂಟೆ, ಒಣ ಅಂಕಿ, ಒದ್ದೆ ಅಂಕಿ, ಪೆಟ್ಟಿಗೆಯೊಳಗಿನ ಶಾಖ, ತಟ್ಟೆಯ ತೂಕ.

ದಿನಕ್ಕೆ ಹದಿಮೂರು ಸಲ ಮಾಳಿಗೆ. ಒಂದೊಂದು ಸಲಕ್ಕೂ ಹದಿನೆಂಟು ಮೆಟ್ಟಿಲು. ಹಿಟ್ಟು ಕಲಸಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತುವಳು, ಬರೆಯುವಳು, ಇಳಿದು ರೊಟ್ಟಿ ತಟ್ಟುವಳು. ಮುದ್ದೆ ತಿರುವುತ್ತಿರುವಾಗ ಹನ್ನೆರಡು ಹೊಡೆದರೆ ಒಲೆ ಆರಿಸಿ ಹತ್ತುವಳು. ಗಂಡ ಮುನಿವೆಂಕಟಪ್ಪ ಕೆಟ್ಟವನಲ್ಲ. ಹೆಂಡತಿ ಓಡಾಡುವುದನ್ನು ಕಂಡು ಜಗಲಿಯ ಮೇಲಿಂದ, "ಕಾಲು ನೋವು ಬರ್ತದೆ, ಮೆಲ್ಲಗೆ ಹತ್ತು" ಎನ್ನುತ್ತಿದ್ದ. ಒಂದು ದಿನವೂ ತಾನು ಹತ್ತಲಿಲ್ಲ.

ಐದು ಕಾಲಂ ಅವಳಿಗೆ ಸಾಲಲಿಲ್ಲ. ಅಂಚಿನಲ್ಲಿ ಉಳಿದ ಜಾಗಕ್ಕೆ ತಾನೇ ಒಂದು ಗೆರೆ ಎಳೆದು ಆರನೆಯದನ್ನು ಮಾಡಿಕೊಂಡಳು. ಯಾರೂ ಕೇಳಿರಲಿಲ್ಲ, ಆದರೂ ಬರೆದಳು. "ಮಗುಚಿದೆ." "ಕೆಳಗಿನ ತಟ್ಟೆ ಮೇಲಕ್ಕೆ." "ಇಬ್ಬನಿ ಇತ್ತು, ಕೆಳಗಿನ ಕಿಂಡಿ ಒಂಬತ್ತಕ್ಕೆ ತೆಗೆದೆ." "ಮೂಡಲ ಗಾಳಿ. ಕಿಂಡಿ ಅರ್ಧ." "ಶೀಟಿನ ಒಳಗೆ ಹನಿ, ಒರೆಸಿದೆ." "ಹೊತ್ತು ಮುಳುಗಿತು, ಎರಡೂ ಮುಚ್ಚಿ ಬಟ್ಟೆ ಹೊದಿಸಿದೆ, ಇಲ್ಲದಿದ್ದರೆ ಕುಡಿದದ್ದನ್ನೆಲ್ಲ ಗಾಳಿ ರಾತ್ರಿ ವಾಪಸ್ ಕೊಡುತ್ತೆ."

ಮೇ ಕೊನೆಯಲ್ಲಿ ಭಾನು ಅಳುಮುಖ ಮಾಡಿಕೊಂಡು ಬಂದಳು. ಸಾಫ್ಟ್‌ವೇರು ಹೇಳುವ ಗೆರೆ ಒಂದು ಕಡೆ, ತಟ್ಟೆಯ ತೂಕದ ಗೆರೆ ಇನ್ನೊಂದು ಕಡೆ. ಅದರ ಪ್ರಕಾರ ಟೊಮೆಟೊ ಒಣಗಲು ನಾಲ್ಕು ದಿನ ಬೇಕು. ಇಲ್ಲಿ ಎರಡೂವರೆಗೇ ಒಣಗಿದೆ. ಮಾರ್ಗದರ್ಶಕರಾದ ರಘುನಂದನ್ ಸರ್, ನಿಮ್ಮ ಚಿಕ್ಕಮ್ಮ ತಪ್ಪು ಬರೆದಿರಬೇಕು ಎಂದರಂತೆ.

"ತಪ್ಪು ಬರ್ದಿದ್ರೆ ಒಂದಿನ ಬರೀತೀನಿ. ನೂರು ದಿನಾನೂ ಬರೀತೀನಾ?" ಆದಿಲಕ್ಷ್ಮಮ್ಮನ ದನಿ ಗಟ್ಟಿಯಾಯಿತು. "ನಿನ್ ಪೆಟ್ಟಿಗೇಲಿ ಕಿಂಡಿ ಯಾವಾಗ ತೆಗೀತೀಯ?"

"ಯಾವಾಗ್ಲೂ ತೆಗ್ದೇ ಇರುತ್ತೆ."

"ಯಾವಾಗ್ಲೂ ತೆಗೆದಿದ್ರೆ ಒಣಗುತ್ತೇನೇ? ಆ ಅಂಚಲ್ಲಿರೋ ಕಾಲಂ ಓದು."

ಭಾನು ಓದಿದಳು. ಆ ಮಧ್ಯಾಹ್ನವೆಲ್ಲ ಊಟಕ್ಕೂ ಏಳದೆ ಆರನೇ ಕಾಲಂ ಅನ್ನು ಒಂದೊಂದೇ ಸಾಲು ಲ್ಯಾಪ್‌ಟಾಪಿಗೆ ತುಂಬಿದಳು. ಎಷ್ಟು ಹೊತ್ತಿಗೆ ಕಿಂಡಿ ತೆರೆಯುವುದು, ಎಷ್ಟು ಹೊತ್ತಿಗೆ ಅರ್ಧ, ಎಷ್ಟು ಹೊತ್ತಿಗೆ ಪೂರ್ತಿ ಮುಚ್ಚುವುದು. ಆದಿಲಕ್ಷ್ಮಮ್ಮ ಪಕ್ಕದಲ್ಲಿ ಕೂತು ಅನ್ನ ಕಲಸಿ ಕೈತುತ್ತು ಕೊಟ್ಟಳು, ಪಿಯುಸಿ ಪರೀಕ್ಷೆಯ ದಿನಗಳಲ್ಲಿ ಕೊಡುತ್ತಿದ್ದ ಹಾಗೆ. ಸಂಜೆ ಐದರ ಹೊತ್ತಿಗೆ ಪರದೆಯ ಮೇಲೆ ಎರಡು ಗೆರೆಗಳೂ ಒಂದರ ಮೇಲೊಂದು ಕೂತವು.

ಭಾನು ಎದ್ದು ಪಿನ್ನಮ್ಮನನ್ನು ತಬ್ಬಿಕೊಂಡಳು. "ನೋಡ್ತಾ ಇರು. ರೈತರ ಸಂಘದೋರು ಇದೇ ಮಾದರೀಲಿ ದೊಡ್ಡ ಡ್ರೈಯರ್ ಕಟ್ಟಿಸ್ತಾರಂತೆ. ಅದಕ್ಕೆ ನೀನೇ ಮೇಲ್ವಿಚಾರಕಿ. ಸುಮ್ನೆ ಅಲ್ಲ, ಸಂಬಳದ ಕೆಲಸ. ರಿಪೋರ್ಟಲ್ಲೇ ಬರೀತೀನಿ, ಅನುಭವ ಇರೋ ಒಬ್ರು ಇರ್ಲೇಬೇಕು ಅಂತ."

ರೇಷನ್ ಕಾರ್ಡಿಗೆ ಹೆಸರು ಬರೆಸುವಾಗ, ಬ್ಯಾಂಕಿನಲ್ಲಿ, ಜನಗಣತಿಯವರು ಬಂದಾಗ, ಏನು ಕೆಲಸ ಎಂದು ಕೇಳಿದರೆ ಮುನಿವೆಂಕಟಪ್ಪ ಅವಳಿಗಿಂತ ಮೊದಲೇ, "ಮನೇಲಿರ್ತಾಳೆ" ಎಂದುಬಿಡುತ್ತಿದ್ದ. ಆದಿಲಕ್ಷ್ಮಮ್ಮನಿಗೂ ಬೇರೆ ಮಾತು ತೋಚುತ್ತಿರಲಿಲ್ಲ. ಈಗ ಮಾಳಿಗೆಯ ಮೆಟ್ಟಿಲು ಹತ್ತುವಾಗ ಆ ಪದವನ್ನು ಒಬ್ಬಳೇ ಹೇಳಿ ನೋಡಿಕೊಳ್ಳುತ್ತಿದ್ದಳು. ಮೇಲ್ವಿಚಾರಕಿ. ಬೀಗದ ಕೈ ಒಂದು ಸೊಂಟದಲ್ಲಿರುತ್ತದೆ. ರಿಜಿಸ್ಟರಿನಲ್ಲಿ ತನ್ನ ಹೆಸರಿರುತ್ತದೆ.

ಕಾರ್ತೀಕದಲ್ಲಿ ಸಂಘದ ಕಟ್ಟಡದ ಹಿಂದೆ ದೊಡ್ಡ ಡ್ರೈಯರ್ ಎದ್ದು ನಿಂತಿತು. ಒಂದು ಕೋಣೆಯಷ್ಟು ಅಗಲ, ನಲವತ್ತು ತಟ್ಟೆ, ಗಡಿಯಾರ ನೋಡಿ ತಾನೇ ತೆರೆದು ಮುಚ್ಚುವ ಕಿಂಡಿಗಳು. ಶುರು ಮಾಡುವ ವಾರಕ್ಕೆ ಮೊದಲು ಸಭೆ ಸೇರಿತು. ಆದಿಲಕ್ಷ್ಮಮ್ಮ ಮದುವೆಮನೆಗೆ ಉಡುವ ಸೀರೆಯುಟ್ಟು, ಕದಿರಮ್ಮನ ಪಕ್ಕ ಎರಡನೇ ಸಾಲಿನಲ್ಲಿ ಕೂತಿದ್ದಳು. ಗೋಡೆಯ ಮೇಲೆ ಭಾನುವಿನ ಚಿತ್ರಗಳು ಬಂದು ಹೋದವು. ಬಣ್ಣ ಬಣ್ಣದ ಪೆಟ್ಟಿಗೆ, ಒಂದರ ಮೇಲೊಂದು ಕೂತ ಎರಡು ಗೆರೆ. ಆ ಗೆರೆಗಳನ್ನು ಕಂಡು ಆದಿಲಕ್ಷ್ಮಮ್ಮ ಕದಿರಮ್ಮನ ತೊಡೆ ಚಿವುಟಿದಳು.

ಸಂಘದ ಅಧ್ಯಕ್ಷ ಬಯ್ಯಪ್ಪ ಕೈಯೆತ್ತಿದ. "ಎಲ್ಲಾ ಸರಿ ತಾಯಿ, ಇದನ್ನ ನೋಡ್ಕೊಳ್ಳೋಕೆ ಎಷ್ಟ್ ಜನ ಬೇಕು?"

ಭಾನು ಒಂದು ಕ್ಷಣ ಲ್ಯಾಪ್‌ಟಾಪ್ ನೋಡಿದಳು. ಪಕ್ಕದಲ್ಲಿ ನಿಂತಿದ್ದ ರಘುನಂದನ್ ಸರ್ ಕೆಮ್ಮಿದರು.

"ಯಾರೂ ಬೇಕಾಗಿಲ್ಲ ಸರ್. ಕಿಂಡಿಗಳು ವೇಳಾಪಟ್ಟಿ ಪ್ರಕಾರ ತಾವೇ ನಡೀತವೆ. ಅದೇ ಈ ಮಾದರೀ ವಿಶೇಷ. ತಟ್ಟೆ ತುಂಬೋದು, ತೆಗೆಯೋದು ಇರುತ್ತೆ, ಅಷ್ಟನ್ನ ಹೆಂಗಸರು ಮನೆಗೆಲಸದ ನಡುವೆ ಸರದಿ ಮೇಲೆ ಬಂದು ಮಾಡಬಹುದು."

"ಮತ್ತೆ ಈ ಅಂಕಿ ಅಂಶ ಎಲ್ಲ ಯಾರು ತೆಗೆದ್ರು?"

ಉತ್ತರ ಕೊಟ್ಟವನು ಹಿಂದಿನ ಸಾಲಿನಲ್ಲಿದ್ದ ಮುನಿವೆಂಕಟಪ್ಪ. ಹೆಮ್ಮೆಯಿಂದಲೇ ಹೇಳಿದ. "ನಮ್ಮನೇಲೇ ಸಾರ್. ಇವ್ಳು ಹೆಂಗಿದ್ರೂ ಮನೇಲೇ ಇರ್ತಾಳಲ್ಲ, ಬಿಡುವಾದಾಗ ಬರ್ಕೊಟ್ಲು."

ಎಲ್ಲರೂ ಚಪ್ಪಾಳೆ ತಟ್ಟಿದರು. ಭಾನು ತಲೆಯೆತ್ತಿದಾಗ ಆದಿಲಕ್ಷ್ಮಮ್ಮ ಅವಳನ್ನೇ ನೋಡುತ್ತಿದ್ದಳು. ಭಾನು ವೈರು ಸುತ್ತತೊಡಗಿದಳು.

ಹೊರಗೆ, ಚಪ್ಪಲಿ ಬಿಟ್ಟಲ್ಲಿ, ಅವಳು ಓಡಿಬಂದು ಪಿನ್ನಮ್ಮನ ಕೈ ಹಿಡಿದಳು. "ಬೇಜಾರ್ ಮಾಡ್ಕೋಬೇಡ. ಆಳು ಬೇಕು ಅಂತ ಬರ್ದಿದ್ರೆ ಸಂಘಕ್ಕೆ ಮೇಲಿನ ಅಧಿಕಾರಿಗಳು ಹಣಾನೇ ಕೊಡ್ತಿರ್ಲಿಲ್ಲ. ಸರ್ ಹೇಳಿದ್ರು, ಆಳಿಲ್ದೆ ನಡೆಯೋದು ಅಂದ್ರೇನೇ ಇದಕ್ಕೆ ಬೆಲೆ ಅಂತ. ಮುಂದೆ ನೋಡಿ ಏನಾದ್ರೂ..."

"ನಿನ್ ಪೆಟ್ಟಿಗೇಲಿ ಟೊಮೆಟೊ ಜನ," ಎಂದಳು ಆದಿಲಕ್ಷ್ಮಮ್ಮ. "ನಾನು?"

ಭಾನು ಕೈಲಿದ್ದ ರಿಪೋರ್ಟನ್ನು ಕೊಟ್ಟಳು. ನೀಲಿ ರಟ್ಟಿನ, ಚಿನ್ನದ ಬಣ್ಣದ ಅಕ್ಷರದ ದಪ್ಪ ಪುಸ್ತಕ. "ಒಳಗೆ ನಿನ್ ಬರವಣಿಗೆ ಫೋಟೋ ಐತೆ ಪಿನ್ನಮ್ಮ. ನೋಡು."

ಮನೆಗೆ ಬಂದು, ಸೀರೆ ಬದಲಾಯಿಸಿ, ರಾತ್ರಿಯ ಸಾರಿಗೆ ಬೇಳೆ ಹಾಕಿ, ಒಲೆಯ ಮುಂದೆ ಕೂತು ಅವಳು ಪುಸ್ತಕ ತೆರೆದಳು. ಇಂಗ್ಲಿಷು ತಿಳಿಯದಿದ್ದರೂ ತನ್ನ ಅಕ್ಷರ ತಿಳಿಯುತ್ತದೆ. ಕೊನೆಯ ಪುಟಗಳಲ್ಲಿ ಇತ್ತು. ಮಾರ್ಚಿ ಹನ್ನೊಂದನೇ ತಾರೀಖು, ಮಧ್ಯಾಹ್ನ ಹನ್ನೆರಡು, ಒಣ ಮೂವತ್ನಾಲ್ಕು, ಒದ್ದೆ ಇಪ್ಪತ್ತೆರಡು. ಅವಳದೇ ದುಂಡನೆಯ ಅಂಕಿಗಳು. ಆ ಹಾಳೆಯ ಮೂಲೆಯಲ್ಲಿ ರಾಗಿ ಹಿಟ್ಟಿನ ಬೆರಳಚ್ಚು ಕೂಡ ಹಾಗೇ ಬಂದಿತ್ತು. ಐದು ಕಾಲಂ ಇದ್ದವು. ಅಲ್ಲಿಗೆ ಚಿತ್ರ ಮುಗಿದಿತ್ತು. ಪುಟ ತಿರುವಿದಳು. ಮುಂದಿನದೂ ಐದಕ್ಕೇ ಮುಗಿದಿತ್ತು. ಅದರ ಮುಂದಿನದರಲ್ಲಿ ಕತ್ತರಿಸಿದ ಕೈ ಸ್ವಲ್ಪ ಅಲುಗಿತ್ತೇನೋ, ಅವಳು ಕೈಯಾರೆ ಎಳೆದ ಗೆರೆಯೂ, ಅದರಾಚೆಗೆ "ಮಗುಚಿದೆ" ಎಂಬುದರ ಮೊದಲ ಅಕ್ಷರದ ಅರ್ಧವೂ ಅಂಚಿನಲ್ಲಿ ಉಳಿದಿದ್ದವು.

ಸಭೆಯಲ್ಲಿ ಆಡಿದ್ದು ಬಾಯಿ ತಪ್ಪಿ ಬಂದದ್ದಿರಬಹುದು, ಸರ್ ಪಕ್ಕದಲ್ಲಿದ್ದರು, ಹೆದರಿರಬಹುದು ಎಂದು ದಾರಿಯುದ್ದಕ್ಕೂ ಅವಳು ಭಾನುವಿನ ಪರವಾಗಿ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಕತ್ತರಿಸುವುದು ಬಾಯಿ ತಪ್ಪಿ ಆಗುವುದಿಲ್ಲ. ಒಂದೊಂದು ಹಾಳೆಯನ್ನೂ ಎದುರಿಗಿಟ್ಟುಕೊಂಡು, ನೋಡಿ, ಕತ್ತರಿಸಬೇಕು. ಬೇಳೆ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಮುನಿವೆಂಕಟಪ್ಪ ಒಳಗಿಂದ, "ಏನೋ ಸೀದ ವಾಸನೆ" ಎಂದ.

ಮೊದಲ ಸಲಕ್ಕೆ ಟೊಮೆಟೊ ಕೊಟ್ಟವರು ಊರಿನ ಹೆಂಗಸರೇ. ಕದಿರಮ್ಮನದೂ ಎರಡು ತಟ್ಟೆ ಇತ್ತು. ತುಂಬಿದ ಮರುದಿನವೇ ಮೋಡ ಕವಿಯಿತು. ಮದ್ರಾಸಿನ ಕಡೆ ಎಲ್ಲೋ ಚಂಡಮಾರುತ ಎಂದು ಟೀವಿಯಲ್ಲಿ ಹೇಳಿದರು. ಮೂಡಲ ಗಾಳಿ ಜಿನುಗು ಹೊತ್ತು ಬಂತು. ಆದಿಲಕ್ಷ್ಮಮ್ಮನ ಮಾಳಿಗೆಯ ಬಟ್ಟೆ ಮುಸುರೆ ತಿಕ್ಕಿ ಬಂದರೂ ಒದ್ದೆಯಾಗೇ ಇತ್ತು. ಸಂಘದ ಹಿತ್ತಲಿನ ಕಿಂಡಿಗಳು ಬೇಸಿಗೆಯ ವೇಳಾಪಟ್ಟಿಯಂತೆ ಒಂಬತ್ತಕ್ಕೆ ಸರಿಯಾಗಿ ತೆರೆದುಕೊಂಡು ಆ ಗಾಳಿಯನ್ನು ಒಳಕ್ಕೆ ಕರೆದವು.

ಮೂರನೇ ದಿನ ಕದಿರಮ್ಮ ಓಡಿಬಂದಳು. "ಬಾರೇ ತಾಯಿ, ಅದ್ಯಾಕೋ ಹುಳಿ ವಾಸನೆ ಹೊಡೀತಾ ಐತೆ. ಸರದಿಗೆ ಬಂದೋಳು ತಟ್ಟೆ ಮುಟ್ಟಿದ್ರೆ ಮಿಷಿನ್ ಕೆಡುತ್ತೆ ಅಂತ ಕೈ ಕಟ್ಕೊಂಡ್ ಕೂತವ್ಳೆ."

ಬಯ್ಯಪ್ಪ ಅಲ್ಲಿದ್ದ. ಬೆಳಗಿನ ಬಸ್ಸಿಗೆ ಬಂದಿಳಿದ ಭಾನುವೂ ಇದ್ದಳು, ಕೂದಲು ಕೆದರಿ, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು. ಆದಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಸೂರಿನ ಒಳಮೈಯೆಲ್ಲ ಹನಿ. ಮೇಲಿನ ತಟ್ಟೆಗಳಲ್ಲಿ ಅಂಚಿಗೆ ಬಿಳಿ ಬೂಸ್ಟು. ಅವಳ ಬಲಗೈ ಅವಳನ್ನು ಕೇಳದೆಯೇ ಕಿಂಡಿಯ ಹಿಡಿಯ ಕಡೆ ಹೋಯಿತು. ಅದನ್ನು ಹಿಂದಕ್ಕೆ ಎಳೆದು ಸೆರಗಿನೊಳಗೆ ಇಟ್ಟುಕೊಂಡಳು.

"ಸ್ವಲ್ಪ ನೋಡ್ಕೊಡಮ್ಮ," ಎಂದ ಬಯ್ಯಪ್ಪ. "ನಿನಗೆ ಇದೆಲ್ಲ ಅಭ್ಯಾಸ."

"ಇಲ್ಲಿ ಯಾರೂ ಬೇಕಾಗಿಲ್ಲ ಅಂತ ಬರ್ದವ್ರೆ ಕಣಪ್ಪ."

"ಅಯ್ಯೋ, ಬರ್ದಿದ್ದು ಬರ್ಕೊಂಡ್ರು. ಎರಡು ದಿನದ ಮಾತು."

"ಎರಡು ದಿನಕ್ಕಾದ್ರೂ ಸರಿ. ರಿಜಿಸ್ಟರ್ ತರ್ಸು. ನನ್ ಹೆಸರು ಬರಿ, ಅದರ ಮುಂದೆ ಕೆಲಸ ಏನು ಅಂತ ಬರಿ. ಆಮೇಲೆ ಕಿಂಡಿ ಮುಟ್ತೀನಿ."

ಬಯ್ಯಪ್ಪ ಭಾನುವಿನ ಮುಖ ನೋಡಿದ. ಬರೆದರೆ ಆಳಿಲ್ಲದೆ ನಡೆಯುವ ಮಾದರಿ ಎಂಬುದು ಹೋಗುತ್ತದೆ. ಅದನ್ನು ನಂಬಿಯೇ ಮೇಲಿನವರು ಹಣ ಕೊಟ್ಟಿದ್ದು. ಅವನಿಗೆ ಅಷ್ಟು ಹೊತ್ತಿಗೆ ಯಾರದೋ ಫೋನು ಬಂತು. ಮಾತಾಡುತ್ತಾ ಗೇಟಿನ ಕಡೆ ನಡೆದ.

"ಪಿನ್ನಮ್ಮ, ನನ್ನ ನೋಡಿಯಾದ್ರೂ..." ಭಾನು ಹತ್ತಿರ ಬಂದಳು. "ನಾಡಿದ್ದು ನನ್ ವೈವಾ ಐತೆ. ಇದು ಕೆಟ್ಟೋಯ್ತು ಅಂತ ಗೊತ್ತಾದ್ರೆ ಎಲ್ಲಾ ಹೋಗುತ್ತೆ."

ಆದಿಲಕ್ಷ್ಮಮ್ಮ ಅವಳನ್ನು ನೋಡಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ತಿಂಡಿ ತಿಂದಿರಲಿಕ್ಕಿಲ್ಲ. ಅದು ಹೊಳೆದದ್ದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು.

"ನೀನು ಹೇಳು ಅವ್ನಿಗೆ, ಬರಿ ಅಂತ," ಎಂದಳು. "ಒಂದ್ ಮಾತು. ನೀನು ಹೇಳಿದ್ರೆ ಬರೀತಾನೆ."

ಭಾನು ಗೇಟಿನ ಕಡೆ ನೋಡಿದಳು. ಲ್ಯಾಪ್‌ಟಾಪನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಅಲ್ಲಿಂದ ಕದಲಲಿಲ್ಲ.

ಆದಿಲಕ್ಷ್ಮಮ್ಮ ಒಳಗೆ ಹೋಗಿ ಕದಿರಮ್ಮನ ಎರಡು ತಟ್ಟೆಗಳನ್ನು ಮಾತ್ರ ಎಳೆದುಕೊಂಡಳು. ಒಂದನ್ನು ಕದಿರಮ್ಮನ ತಲೆಗೆ ಹೊರಿಸಿ, ಇನ್ನೊಂದನ್ನು ತಾನು ಹೊತ್ತು ಮನೆಗೆ ನಡೆದಳು. ಆ ದಿನ ಪೂರ್ತಿ ಇಬ್ಬರೂ ಹೋಳುಗಳನ್ನು ಒಂದೊಂದೇ ಬಿಡಿಸಿ, ಬೂಸ್ಟು ಹಿಡಿದದ್ದನ್ನು ಎಸೆದು, ಉಳಿದದ್ದನ್ನು ಒಲೆಯ ಪಕ್ಕ ಬೆಚ್ಚಗಿನ ಬೂದಿಯ ಕಾವಿಗೆ ಹಿಡಿದರು. ಒಂದು ಮೊರದಷ್ಟು ಉಳಿಯಿತು. ಉಳಿದ ಮೂವತ್ತೆಂಟು ತಟ್ಟೆಗಳ ಹೆಂಗಸರ ಮುಖ ನೆನಪಾಗಿ ಆದಿಲಕ್ಷ್ಮಮ್ಮನಿಗೆ ಅಂದು ಅನ್ನ ಇಳಿಯಲಿಲ್ಲ.

ಭಾನುವಿಗೆ ವೈವಾ ಚೆನ್ನಾಗಿ ಆಯಿತೆಂದು ಚಿಂತಾಮಣಿಯಿಂದ ಅಕ್ಕ ಫೋನು ಮಾಡಿ ಹೇಳಿದಳು. ಒಂದು ಬ್ಯಾಚು ಚಂಡಮಾರುತದಿಂದ ಹಾಳಾಯಿತಂತೆ, ಹವಾಮಾನದ ಮೇಲೆ ಯಾರ ಕೈಯಿದೆ ಎಂದಳು. ಆದಿಲಕ್ಷ್ಮಮ್ಮ ಹೂಂ ಎಂದಳು.

ಮೋಡ ಸರಿದು ಬಿಸಿಲು ಬಂದ ದಿನ ಅವಳು ಬಾಳಕದ ಮೆಣಸಿನಕಾಯಿಯ ಮೊರ ಹೊತ್ತು ಮಾಳಿಗೆ ಹತ್ತಿದಳು. ಭಾನುವಿನ ಎರಡು ಥರ್ಮಾಮೀಟರು ಗೋಡೆಯ ಮೇಲೆ ಹಾಗೇ ಇದ್ದವು. ಲೋಟದ ನೀರು ಯಾವಾಗಲೋ ಬತ್ತಿತ್ತು. ತಾನು ಹೊಸೆದ ಬತ್ತಿ ಕಡ್ಡಿಯಂತೆ ಒಣಗಿತ್ತು. ಕಣ್ಣು ಕುಕ್ಕುವ ಬಿಸಿಲು. ಎರಡೂ ಗಾಜುಗಳು ಒಂದೇ ಅಂಕಿ ತೋರಿಸುತ್ತಿದ್ದವು. ಪಕ್ಕದಲ್ಲೇ ನೀರಿನ ಚೊಂಬು ಇತ್ತು. ಅವಳು ಅದರಲ್ಲಿ ತನ್ನ ಪಂಚೆಯ ತುಂಡನ್ನು ಅದ್ದಿ, ಹಿಂಡಿ, ಮೊಳೆಗೆ ನೇತುಹಾಕಿ, ಎಸರಿಡಲು ಕೆಳಗಿಳಿದಳು.